ಬೆಟ್ಟದಲ್ಲಿ ಮುಸುವ ಸತ್ತಿದೆ, ದರಗು ತರಬಹುದಾ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ನಾಲ್ಕು ದನ, ಮನೆಯ ಹಿಂದೆಯೇ ಸೊಪ್ಪಿನ ಬೆಟ್ಟ. ಹೋದ ವಾರ ಬೆಟ್ಟದ ಅಂಚಿನಲ್ಲಿ ಒಂದು ಮುಸುವ (ಕಪ್ಪು ಮೂತಿಯ ಮಂಗ) ಸತ್ತು ಬಿದ್ದಿತ್ತು. ಊರವರು ಅರಿಶಿನ ಕುಂಕುಮ ಹಾಕಿ ಮಣ್ಣು ಮಾಡಿದರು. ಈಗ ಎಲ್ಲರಿಗೂ ಮಂಗನ ಕಾಯಿಲೆಯ ಭಯ. ಆದರೆ ನಮ್ಮ ಅತ್ತೆಯವರು ಕೊಟ್ಟಿಗೆಗೆ ಹಾಸಲು ದರಗು (ಬೆಟ್ಟದ ಒಣ ಎಲೆ) ಬೇಕೇ ಬೇಕು ಎನ್ನುತ್ತಾರೆ. "ಮದುವೆಯಾಗಿ ಬಂದಾಗಿನಿಂದ ಗುಡಿಸ್ತಾ ಇದೀನಿ, ನನಗೇನಾಗಿದೆ?" ಎಂದು ಕೇಳುತ್ತಾರೆ. ಕೆಲವು ವರ್ಷಗಳ ಹಿಂದೆ ನಾವೆಲ್ಲ ಎರಡು ಸಲ ಲಸಿಕೆ ಹಾಕಿಸಿಕೊಂಡಿದ್ದೆವು. ಅದು ಈಗಲೂ ಕಾಯುತ್ತಾ? ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಹರಡುತ್ತಾ? ದನದ ಹಾಲು ಕುಡಿಯಬಹುದಾ? ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ನಾದಿನಿಯ ಮಕ್ಕಳು ರಜೆಗೆ ಬರುತ್ತಾರೆ. ಬರಬೇಡಿ ಅನ್ನಬೇಕಾ?

ಉತ್ತರ: ಲಸಿಕೆ, ಹಾಲು, ಮಕ್ಕಳ ರಜೆ ಎಲ್ಲಕ್ಕೂ ಬರುತ್ತೇನೆ. ಅದಕ್ಕೆ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಆ ಮುಸುವನನ್ನು ಹೊತ್ತವರು, ಗುಂಡಿ ತೋಡಿದವರು, ಸುತ್ತ ನಿಂತು ನೋಡಿದವರು ಯಾರ್ಯಾರು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅವರಲ್ಲಿ ಯಾರಿಗಾದರೂ ಚಳಿ ಜ್ವರ ಬಂದಿದೆಯಾ ಕೇಳಿ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಜ್ವರ ಶುರುವಾಗುತ್ತದೆ. ಅಂದರೆ ನೀವು ಈ ಪತ್ರ ಬರೆದ ಹೊತ್ತಿನಲ್ಲೇ ಆ ದಿನಗಳು ನಡೆಯುತ್ತಿವೆ. ಚೀಟಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಡಿ. ಮುಸುವ ಬಿದ್ದಿದ್ದ ಜಾಗವನ್ನೂ ತೋರಿಸಿ. ಹೂತಾಯಿತಲ್ಲ, ಇನ್ನೇನು ಅಂತ ಸುಮ್ಮನಾಗಬೇಡಿ. ಕಾರಣ ಹೇಳುತ್ತೇನೆ.

ನನ್ನ ಮಟ್ಟಿಗೆ ಈ ರೋಗದ ಹೆಸರೇ ಅರ್ಧ ಅನಾಹುತಕ್ಕೆ ಕಾರಣ. ಮಂಗನ ಕಾಯಿಲೆ ಅಂದ ಕೂಡಲೇ ಜನ ಮೇಲೆ, ಮರದ ಕಡೆ ನೋಡುತ್ತಾರೆ. ಮಂಗ ಕಂಡರೆ ಕಲ್ಲು ಹೊಡೆಯುತ್ತಾರೆ. ನೋಡಬೇಕಾದದ್ದು ಕೆಳಗೆ, ಕಾಲ ಬುಡದ ಎಲೆಯ ಕಡೆ. ರೋಗ ತರುವುದು ಉಣುಗು. ಅದರಲ್ಲೂ ಎಳ್ಳುಕಾಳಿನಷ್ಟೂ ಇಲ್ಲದ ಮರಿ ಉಣುಗು. ಮಂಗ ನಮ್ಮ ಹಾಗೇ ಅದರಿಂದ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಕಪ್ಪು ಮೂತಿಯ ಮುಸುವವೂ ಸಾಯುತ್ತದೆ, ಕೆಂಪು ಮೂತಿಯ ಮಂಗವೂ ಸಾಯುತ್ತದೆ. ನಮಗಿಂತ ಮೊದಲು ಸಾಯುವುದರಿಂದ ನಮಗೆ ಸುದ್ದಿ ಮುಟ್ಟುತ್ತದೆ, ಅಷ್ಟೇ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಆದದ್ದೂ ಇದೇ. ಮೊದಲು ಮಂಗಗಳು ಉದುರಿದವು, ಹಿಂದೆಯೇ ಜನ ಮಲಗಿದರು. ಆಗ ತಜ್ಞರಿಗೆ ಬೇರೆಯೇ ಭಯ. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಬಂತಾ ಅಂತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮುಸುವದಿಂದ ವೈರಸ್ ಬೇರ್ಪಡಿಸಿ ನೋಡಿದರೆ, ಅದು ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸಿನ ಹತ್ತಿರದ ನೆಂಟ. ಹೀಗೆ ನಮ್ಮ ಮಲೆನಾಡಿನ ಒಂದು ಪುಟ್ಟ ಊರಿನ ಹೆಸರು ಪ್ರಪಂಚದ ವೈದ್ಯ ಪುಸ್ತಕಗಳಲ್ಲಿ ಸೇರಿಹೋಯಿತು. ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರಲ್ಲ, ಅದರ ಮೊದಲ ಅಕ್ಷರ ಕ್ಯಾಸನೂರಿನದು.

ಈಗ ಉಣುಗಿನ ವರ್ಷಚಕ್ರ ನೋಡಿ. ಇದು ಗೊತ್ತಾದರೆ ಉಳಿದದ್ದೆಲ್ಲ ನಿಮಗೇ ಹೊಳೆಯುತ್ತದೆ. ದೊಡ್ಡ ಉಣುಗು ಮಳೆಗಾಲದಲ್ಲಿ ದನದ ಮೈಮೇಲೆ ರಕ್ತ ಹೀರಿ, ಊದಿಕೊಂಡು, ನೆಲಕ್ಕೆ ಬೀಳುತ್ತದೆ. ಒದ್ದೆ ಎಲೆಗಳ ಅಡಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಅಳಿಲು, ನೆಲದ ಹಕ್ಕಿ, ಮಂಗ, ಸಿಕ್ಕಿದ್ದನ್ನು ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಅದು ಮರಿಯ ಹೊಟ್ಟೆ ಸೇರುತ್ತದೆ. ಮರಿ ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದರೂ ವೈರಸ್ ಒಳಗೇ ಉಳಿದಿರುತ್ತದೆ. ಈ ಎರಡನೇ ಹಂತದ ಮರಿಯೇ ನಮ್ಮನ್ನು ಕಚ್ಚುವುದು. ಅದರ ಕಾಲ ಸುಮಾರು ಡಿಸೆಂಬರ್‌ನಿಂದ ಮೇ ತನಕ. ಮಲೆನಾಡಿನ ಹೆಣ್ಣುಮಕ್ಕಳು ಹೆಡಿಗೆ ಹೊತ್ತು ದರಗಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ, ಅಲ್ವಾ?

ಉಣುಗಿಗೆ ರೆಕ್ಕೆಯಿಲ್ಲ, ಅದು ನೆಗೆಯುವುದೂ ಇಲ್ಲ. ಹುಲ್ಲಿನ ತುದಿ, ಒಣ ಎಲೆಯ ಅಂಚು ಹತ್ತಿ, ಮುಂಗಾಲು ಚಾಚಿ ಕಾಯುತ್ತದೆ. ನಿಮ್ಮ ಸೀರೆಯ ಅಂಚು ತಾಗಿದರೆ ಹಿಡಿದುಕೊಳ್ಳುತ್ತದೆ.

ಇನ್ನು ಆ ಮುಸುವನ ವಿಷಯ. ಬದುಕಿದ್ದಾಗ ಅದರ ಮೈಮೇಲೆ ಉಣುಗುಗಳು ಇದ್ದೇ ಇರುತ್ತವೆ. ಅದು ಸತ್ತು ಮೈ ತಣ್ಣಗಾದ ಮೇಲೆ ಅವು ಇಳಿದು ಸುತ್ತಲ ಎಲೆಗಳಲ್ಲಿ ಸೇರಿಕೊಳ್ಳುತ್ತವೆ. ಒಂದೇ ಜಾಗದಲ್ಲಿ ವೈರಸ್ ತುಂಬಿಕೊಂಡ ಉಣುಗುಗಳ ಸಂತೆ. ಹೆಣ ಹೂತರೂ ಸಂತೆ ಅಲ್ಲೇ ಇರುತ್ತದೆ. ಅದಕ್ಕೇ ಇಲಾಖೆಯವರು ಮಂಗ ಬಿದ್ದ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುತ್ತಾರೆ. ಮಂಗನ ಹೆಣದಿಂದ ಮಾದರಿ ತೆಗೆದು, ಕಾಯಿಲೆ ಹೌದೋ ಅಲ್ಲವೋ ಪರೀಕ್ಷೆ ಮಾಡಿಸಿ, ಹೆಣವನ್ನು ಸುಡುತ್ತಾರೆ. ನಿಮ್ಮ ಊರಲ್ಲಿ ಹೂತುಬಿಟ್ಟದ್ದರಿಂದ ಪರೀಕ್ಷೆಗೆ ದಾರಿ ಇಲ್ಲದಂತಾಯಿತು. ಕಾಯಿಲೆಯಿಂದಲೇ ಸತ್ತಿತಾ, ಮರದಿಂದ ಬಿದ್ದು ಸತ್ತಿತಾ, ಇನ್ನು ಹೇಳುವುದು ಕಷ್ಟ. ಕಾಯಿಲೆ ಇತ್ತು ಎಂದೇ ತಿಳಿದು ನಡೆದುಕೊಳ್ಳಿ.

ಹನುಮಂತ ಅಂತ ಭಕ್ತಿಯಿಂದ ಮಣ್ಣು ಮಾಡಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಭಕ್ತಿ ಇರಲಿ. ಮುಂದಿನ ಸಲ ದೂರದಿಂದ ಕೈಮುಗಿಯಿರಿ. ಗ್ರಾಮ ಪಂಚಾಯಿತಿಗೋ, ಅರಣ್ಯದ ಗಾರ್ಡಿಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಅವರು ಬರುವ ತನಕ ನಾಯಿ, ದನ, ಮಕ್ಕಳು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಕೈಗವಸು ಹಾಕಿಕೊಂಡು ನಾವೇ ಎತ್ತುತ್ತೇವೆ ಅನ್ನುವ ಧೈರ್ಯವಂತರು ಎಲ್ಲ ಊರಲ್ಲೂ ಇರುತ್ತಾರೆ. ಕೈಗವಸು ಇರುವುದು ಕೈಗೆ. ಉಣುಗು ಹತ್ತುವುದು ಕಾಲಿಗೆ.

ಈಗ ಅತ್ತೆಯವರ ದರಗು. ದರಗು ಬಿಡಿ ಅಂತ ಹೇಳುವುದು ಸುಲಭ. ದನದ ಕಾಲಡಿ ಏನು ಹಾಕಬೇಕು, ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು ಅಂತ ಹೇಳದೆ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮನೆ ಹತ್ತಿರ ಒಣ ಎಲೆ ರಾಶಿ ಹಾಕಿಕೊಳ್ಳುವುದು ಈ ಕಾಯಿಲೆ ಬರಲು ದೊಡ್ಡ ಕಾರಣ ಎನ್ನುವುದು ಕಾಯಿಲೆ ಬಿದ್ದ ಊರುಗಳಲ್ಲಿ ಕಂಡಿರುವ ವಿಷಯ. ಕಾಡಿನ ಉಣುಗನ್ನು ನಾವೇ ಹೆಡಿಗೆಯಲ್ಲಿ ತುಂಬಿ ಅಂಗಳಕ್ಕೆ ತಂದ ಹಾಗೆ. ಆಮೇಲೆ ಕಾಡಿಗೆ ಹೋಗದ ಮುದುಕರಿಗೂ ಮಕ್ಕಳಿಗೂ ಕಚ್ಚುತ್ತದೆ.

ನಿಮ್ಮ ಮನೆಗೆ ನನ್ನ ಸಲಹೆ ಇಷ್ಟು. ಮುಸುವ ಬಿದ್ದ ಬೆಟ್ಟದ ಕಡೆ ಈ ವರ್ಷ ಮಳೆ ಹಿಡಿಯುವ ತನಕ ಯಾರೂ ಹೆಜ್ಜೆ ಇಡಬೇಡಿ. ಇದರಲ್ಲಿ ರಾಜಿ ಬೇಡ. ಕೊಟ್ಟಿಗೆಗೆ ಈ ಮೂರು ನಾಲ್ಕು ತಿಂಗಳು ಭತ್ತದ ಹುಲ್ಲು, ತೋಟದೊಳಗಿನ ಅಡಿಕೆ ಸೋಗೆ, ಒಣಗಿಸಿದ ಅಡಿಕೆ ಸಿಪ್ಪೆ ಹಾಕಿ ನೋಡಿ. ದರಗಿನಷ್ಟು ಹಿತವಾಗಿರಲಿಕ್ಕಿಲ್ಲ, ಗೊಬ್ಬರವೂ ಸ್ವಲ್ಪ ತಡವಾಗಿ ಕೊಳೆಯುತ್ತದೆ. ಕೆಲಸ ಮಾತ್ರ ನಡೆಯುತ್ತದೆ. ಬೇರೆ ಕಡೆಯಿಂದ ದರಗು ತರಲೇಬೇಕು ಅಂದರೆ ಅದನ್ನು ನೇರ ಕೊಟ್ಟಿಗೆಗೆ ಹಾಕಬೇಡಿ. ಮನೆಯಿಂದ ದೂರ, ಚುರುಕು ಬಿಸಿಲು ಬೀಳುವ ಗದ್ದೆಯಲ್ಲಿ ತೆಳ್ಳಗೆ ಹರಡಿ ಕೆಲವು ದಿನ ಬಿಡಿ. ಉಣುಗಿಗೆ ತೇವ ಬೇಕು, ಬಿಸಿಲು ಆಗುವುದಿಲ್ಲ. ಹೀಗೆ ಮಾಡಿದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂಗಳದ ಸುತ್ತ ಬಿದ್ದ ತರಗೆಲೆಯನ್ನು ಗುಡಿಸಿ ದೂರ ಹಾಕಿಸಿ. ದನ ಕಾಡಿಗೆ ಮೇಯಲು ಹೋಗುತ್ತಿದ್ದರೆ, ಅವುಗಳ ಮೈಗೆ ಉಣುಗಿನ ಔಷಧಿ ಹಾಕಿಸಲು ಪಶು ಆಸ್ಪತ್ರೆಯಲ್ಲಿ ಕೇಳಿ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಉಣುಗು ಬೆಳೆಯುವುದೇ ಅವುಗಳ ರಕ್ತದಲ್ಲಿ. ನಾಯಿಯನ್ನೂ ಮರೆಯಬೇಡಿ.

"ನನಗೇನೂ ಆಗಿಲ್ಲ" ಎನ್ನುವ ಮಾತು ಇದೆಯಲ್ಲ, ಅದನ್ನು ನಾನು ಎಷ್ಟು ಕೇಳಿದ್ದೇನೋ! ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ವೈರಸ್ ಎಲ್ಲ ಬೆಟ್ಟದಲ್ಲಿ, ಎಲ್ಲ ವರ್ಷ ಇರುವುದಿಲ್ಲ. ಹತ್ತು ಹದಿನೈದು ವರ್ಷ ಸುಳಿವೇ ಇಲ್ಲದ ಊರಿಗೆ ಒಂದು ವರ್ಷ ಬಂದು ಕೂರುತ್ತದೆ. ಸಾಗರ ತಾಲೂಕಿನ ಅರಳಗೋಡಿನ ಜನರೂ ಹಿಂದೆಲ್ಲ ದರಗು ಗುಡಿಸಿದವರೇ. 2019ರ ಬೇಸಿಗೆಯಲ್ಲಿ ಅಲ್ಲಿ ಈ ಕಾಯಿಲೆಯಿಂದ ಹಲವರು ಸತ್ತದ್ದು ನಿಮಗೆ ಗೊತ್ತು. ಮೊದಲು ಶಿವಮೊಗ್ಗದ ಸುತ್ತಲೇ ಇದ್ದದ್ದು ಈಗ ಬಂಡೀಪುರ, ವಯನಾಡು, ನೀಲಗಿರಿ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ತನಕ ಕಾಣಿಸಿಕೊಂಡಿದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದು ಗೇರು ಹಾಕಲು ಹೊರಟಾಗಲೂ ಹೀಗೇ ಆಯಿತು. ಅತ್ತೆಯವರ ಹತ್ತಿರ ಜಗಳ ಬೇಡ. "ಹಿಂದೆಲ್ಲ ಮುಸುವ ಸತ್ತಿರಲಿಲ್ಲ, ಈ ವರ್ಷ ಸತ್ತಿದೆ" ಅಂತ ಅಷ್ಟೇ ಹೇಳಿ. ಹಳೆಯ ಕಾಲದವರು ಅಂಥ ಸೂಚನೆಯನ್ನು ನಮಗಿಂತ ಬೇಗ ಒಪ್ಪುತ್ತಾರೆ.

ತೋಟಕ್ಕೆ ಹೋಗದೆ ಇರಲು ಆಗುವುದಿಲ್ಲ. ಹೋಗುವಾಗ ಪ್ಯಾಂಟು, ಉದ್ದ ತೋಳಿನ ಅಂಗಿ, ಕಾಲುಚೀಲ. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ ಹೋಗಲಿ, ನೋಡುವವರು ನಗಲಿ. ಅತ್ತೆಯವರು ಸೀರೆಯೇ ಉಡುವವರಾದರೆ ಒಳಗೆ ಮಗನ ಹಳೆಯ ಪ್ಯಾಂಟು ಹಾಕಿಕೊಳ್ಳಲಿ. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯಲ್ಲಿ ಉಣುಗು ಹರಿದರೆ ಕಾಣುತ್ತದೆ. ಆರೋಗ್ಯ ಇಲಾಖೆಯವರು ಉಣುಗನ್ನು ದೂರ ಇಡುವ ಡೇಪಾ ಎಣ್ಣೆ ಕೊಡುತ್ತಾರೆ. ಅದನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಕಂಡುಹಿಡಿದದ್ದು. ಮನೆ ಬಿಡುವ ಮೊದಲು ಕೈಕಾಲಿಗೆ, ಕುತ್ತಿಗೆಗೆ ಸವರಿಕೊಳ್ಳಿ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಬೆವರಿಗೆ ತೊಳೆದುಹೋಗುತ್ತದೆ. ಬೆಳಗ್ಗೆ ಹಚ್ಚಿದ್ದು ಸಂಜೆ ತನಕ ಕಾಯುತ್ತದೆ ಎಂದುಕೊಳ್ಳಬೇಡಿ. ಬಾಟಲಿಯನ್ನು ದೇವರ ಗೂಡಿನ ಪಕ್ಕ ಭದ್ರವಾಗಿ ಇಟ್ಟು, ಬರಿ ಕಾಲಲ್ಲಿ ಬೆಟ್ಟಕ್ಕೆ ಹೋದವರನ್ನು ನಾನು ನೋಡಿದ್ದೇನೆ.

ಬಂದ ಮೇಲೆ ಮಾಡುವುದು ಇನ್ನೂ ಮುಖ್ಯ. ಬಟ್ಟೆಯನ್ನು ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಿ. ಬಚ್ಚಲ ಹಂಡೆಯಲ್ಲಿ ನೀರಿಗೇನು ಬರ, ಬಿಸಿನೀರಲ್ಲಿ ಸೋಪು ಹಾಕಿ ಚೆನ್ನಾಗಿ ಸ್ನಾನ ಮಾಡಿ. ಕಂಕುಳು, ಸೊಂಟದ ಸುತ್ತ, ತೊಡೆಸಂದು, ಮೊಣಕಾಲಿನ ಹಿಂದೆ, ಕಿವಿಯ ಹಿಂದೆ, ಕೂದಲ ಬುಡ ನೋಡಿಕೊಳ್ಳಿ. ಕಾಣದ ಕಡೆ ಇನ್ನೊಬ್ಬರಿಂದ ನೋಡಿಸಿಕೊಳ್ಳಿ. ಕಚ್ಚಿಕೊಂಡ ಉಣುಗು ಸಿಕ್ಕಿದರೆ ಸುಣ್ಣ, ಸೀಮೆಎಣ್ಣೆ, ಹೊಗೆಸೊಪ್ಪು, ಬೆಂಕಿಕಡ್ಡಿ ಯಾವುದೂ ಬೇಡ. ಸಣ್ಣ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು, ತಿರುಚದೆ, ನಿಧಾನವಾಗಿ ನೇರ ಎಳೆಯಿರಿ. ಉಗುರಲ್ಲಿ ಕುಕ್ಕಿ ಸಾಯಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದನ್ನು ಬಿಡಬೇಕು. ಆ ಜಾಗ ಮತ್ತು ಕೈ ಸೋಪಿನಲ್ಲಿ ತೊಳೆದು, ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಒಂದು ಗುರುತು ಹಾಕಿ. ಮುಂದೆ ಜ್ವರ ಬಂದರೆ ಡಾಕ್ಟರಿಗೆ ಆ ಗುರುತಿನಿಂದ ತುಂಬ ಉಪಕಾರ.

ಜ್ವರದ ವಿಷಯದಲ್ಲಿ ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಜನವರಿಯಲ್ಲಿ ಹೆಂಗಸೊಬ್ಬರು ಜ್ವರ, ಸೊಂಟ ನೋವು ಎಂದು ಬಂದರು. ಟೈಫಾಯ್ಡ್ ಇರಬೇಕು ಅಂತ ಮಾತ್ರೆ ಬರೆದು ಕಳಿಸಿದೆ. ಎಲ್ಲಿ ಕೆಲಸ ಮಾಡ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ನಾಲ್ಕನೇ ದಿನ ಅವರನ್ನು ಕಂಬಳಿಯಲ್ಲಿ ಹೊತ್ತು ತಂದರು, ಒಸಡಿನಲ್ಲಿ ರಕ್ತ. ಪುಣ್ಯಕ್ಕೆ ಉಳಿದರು. ಅಂದಿನಿಂದ ಡಿಸೆಂಬರ್ ಬಂತೆಂದರೆ ಜ್ವರ ಅಂದವರಿಗೆಲ್ಲ ನನ್ನ ಮೊದಲ ಪ್ರಶ್ನೆ, "ದರಗಿಗೆ ಹೋಗಿದ್ರಾ?"

ಈ ಜ್ವರ ಮೆಲ್ಲಗೆ ಏರುವುದಿಲ್ಲ. ಬೆಳಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿ ಹಿಡಿದು ಮಲಗುತ್ತಾರೆ. ಹಣೆ ಒಡೆಯುವಂಥ ತಲೆನೋವು, ಮೈಕೈ ಮುರಿದು ಹಾಕಿದಂಥ ನೋವು, ಕೆಂಪು ಕಣ್ಣು. ಎರಡು ಮೂರು ದಿನದಲ್ಲಿ ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ ಬರಬಹುದು, ಮಲ ಕಪ್ಪಗಾಗಬಹುದು. ಪ್ಲೇಟ್‌ಲೆಟ್ ಇಳಿಯುತ್ತದೆ, ಬಿಪಿ ಇಳಿಯುತ್ತದೆ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುವುದರಿಂದ ಎರಡೂ ಒಂದೇ ಹಾಗೆ ಕಾಣುತ್ತವೆ. ರಕ್ತಪರೀಕ್ಷೆಯೇ ಹೇಳಬೇಕು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತದೆ. ಅದಕ್ಕೇ ಬೇಗ ಹೋಗಿ ಎನ್ನುವುದು.

ವೈರಸ್ಸನ್ನೇ ಕೊಲ್ಲುವ ಔಷಧಿ ಇದಕ್ಕಿಲ್ಲ. ಹಾಗಾದರೆ ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನ ಬಹಳ ಇದೆ. ಡ್ರಿಪ್, ಬಿಪಿ ಮೇಲೆ ಕಣ್ಣು, ರಕ್ತಸ್ರಾವವಾದರೆ ರಕ್ತ ಕೊಡುವುದು, ಇವುಗಳಿಂದಲೇ ಜೀವ ಉಳಿಯುತ್ತದೆ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ ಎನ್ನುವುದು ಸಾಮಾನ್ಯ ಲೆಕ್ಕ. ಮನೆಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಮೈಕೈ ನೋವು ತಡೆಯುವುದಿಲ್ಲ ಎಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ತಂದು ನುಂಗಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ನೋವಿನ ಇಂಜೆಕ್ಷನ್ ಕೊಡಿ ಅಂತ ಹಟ ಮಾಡುವುದೂ ಬೇಡ.

ಜ್ವರ ಬಿಟ್ಟ ಮೇಲೂ ಒಂದು ಮೋಸ ಇದೆ. ನೂರರಲ್ಲಿ 10ರಿಂದ 20 ಜನರಿಗೆ ಒಂದೆರಡು ವಾರ ಆರಾಮಾಗಿದ್ದು ಮತ್ತೆ ಜ್ವರ ತಿರುಗುತ್ತದೆ. ಈ ಸಲ ಮೆದುಳಿನ ಕಡೆ. ವಿಪರೀತ ತಲೆನೋವು, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ಗಲಿಬಿಲಿ. ಹೀಗಾದರೆ ರಾತ್ರಿಯೇ ಆಗಲಿ ಹೊರಡಿ. ಸಂಸಾರದ ಹೆಂಗಸರು ಜ್ವರ ಇಳಿದ ಮರುದಿನವೇ ಸಗಣಿ ಬಾಚಲು ನಿಲ್ಲುತ್ತಾರೆ. ಸುಸ್ತು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಅದು ಸೋಮಾರಿತನ ಅಲ್ಲ ಅಂತ ಮನೆಯವರಿಗೆ ಯಾರಾದರೂ ಹೇಳಬೇಕು.

ಲಸಿಕೆಯ ಬಗ್ಗೆ ಸುತ್ತಿ ಬಳಸದೆ ಹೇಳುತ್ತೇನೆ. ನೀವು ಹಾಕಿಸಿಕೊಂಡದ್ದನ್ನು ಇವತ್ತು ಲೆಕ್ಕಕ್ಕೆ ಹಿಡಿಯಬೇಡಿ. ಆ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ಬೂಸ್ಟರ್ ಬೇಕಿತ್ತು. ಸೂಜಿಯ ನೋವಿಗೆ ಹೆದರಿ ಬಹಳ ಜನ ಮಧ್ಯದಲ್ಲೇ ಬಿಟ್ಟರು. ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ 83% ರಕ್ಷಣೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಮುಂದೆ ಅದರ ಶಕ್ತಿಯೇ ಸಾಲದೆಂದು ಕಂಡು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂದಾಗಿ ಹೊಸ ಲಸಿಕೆ ಮಾಡಿಸುತ್ತಿದೆ. ಅದು ಊರಿಗೆ ಬಂದಾಗ ನೀವು ಮೊದಲ ಸಾಲಿನಲ್ಲಿ ನಿಲ್ಲಿ, ಡೋಸುಗಳನ್ನು ಪೂರ್ತಿ ಮಾಡಿ. ಅಲ್ಲಿಯ ತನಕ ಕಾಲುಚೀಲ, ಎಣ್ಣೆ, ಬಿಸಿನೀರು.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆಯವರ ತಟ್ಟೆ ಲೋಟ ಬೇರೆ ಇಡುವುದು, ಜಗಲಿಯಲ್ಲಿ ಮಲಗಿಸುವುದು, ಪಕ್ಕದ ಮನೆಯವರು ಬರುವುದನ್ನು ನಿಲ್ಲಿಸುವುದು ಯಾವುದೂ ಬೇಡ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಇಬ್ಬರೂ ಒಂದೇ ಬೆಟ್ಟಕ್ಕೆ ಹೋಗಿರುತ್ತಾರೆ, ಇಲ್ಲವೇ ಒಂದೇ ದರಗಿನ ರಾಶಿ ಮುಟ್ಟಿರುತ್ತಾರೆ. ಹಾಲಿನಿಂದ ಬಂದ ಉದಾಹರಣೆ ಇಲ್ಲ. ಹೇಗೂ ಕಾಯಿಸಿಯೇ ಕುಡಿಯುತ್ತೀರಿ.

ಬೆಂಗಳೂರಿನ ಮಕ್ಕಳು ಬರಲಿ. ಮನೆ, ಅಂಗಳ, ಗದ್ದೆ ಬಯಲು ಸಾಕಷ್ಟಿದೆ. ಬೆಟ್ಟಕ್ಕೆ ನೆಲ್ಲಿಕಾಯಿ, ಮುರುಗಲು ಹುಡುಕಿಕೊಂಡು ಹೋಗುವುದು, ದರಗಿನ ರಾಶಿಯ ಮೇಲೆ ಹಾರುವುದು ಈ ವರ್ಷ ಬೇಡ. ದಿನಾ ಸಂಜೆ ಸ್ನಾನ ಮಾಡಿಸುವಾಗ ಮೈ ನೋಡಿ. ಅವರು ವಾಪಸ್ ಹೊರಡುವಾಗ ನಾದಿನಿಗೆ ಒಂದು ಮಾತು ಬರೆದುಕೊಡಿ. ಹೋದ ಹತ್ತು ದಿನದೊಳಗೆ ಮಗುವಿಗೆ ಜ್ವರ ಬಂದರೆ ಅಲ್ಲಿಯ ಡಾಕ್ಟರ್ ಸಹಜವಾಗಿ ಡೆಂಗಿ ಪರೀಕ್ಷೆ ಬರೆಯುತ್ತಾರೆ. ಡೆಂಗಿ ಇಲ್ಲ ಅಂತ ಬಂದರೆ ವೈರಲ್ ಜ್ವರ ಎಂದು ಮನೆಗೆ ಕಳಿಸಿಬಿಡಬಹುದು. ಆದ್ದರಿಂದ ಅವರು ಕೇಳಲಿ ಬಿಡಲಿ, ನಾದಿನಿಯೇ ಬಾಯಿಬಿಟ್ಟು ಹೇಳಬೇಕು: "ನಾವು ಸಿದ್ದಾಪುರದ ಹಳ್ಳಿಗೆ ಹೋಗಿದ್ದೆವು, ಮನೆ ಹಿಂದೆ ಕಾಡು, ಅಲ್ಲಿ ಮುಸುವ ಸತ್ತಿತ್ತು, ಕೆಎಫ್‌ಡಿ ಪರೀಕ್ಷೆಯನ್ನೂ ಮಾಡಿಸಿ."